ಹಿಮಕರಡಿಗೆ ಕಾನೂನಿದೆ, ಮಂಜುಗಡ್ಡೆಗಿಲ್ಲ

ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯ ಹಿಮಕರಡಿಗಳನ್ನು ವಿಜ್ಞಾನಿಗಳು ದಶಕಗಳಿಂದ ಎಣಿಸುತ್ತ, ತೂಗುತ್ತ, ಗುರುತು ಹಾಕುತ್ತ ಬಂದಿದ್ದಾರೆ. 1987ರಲ್ಲಿ ಅಲ್ಲಿ ಸುಮಾರು 1,200 ಕರಡಿಗಳಿದ್ದವು. 2011ರ ವೈಮಾನಿಕ ಗಣತಿಯಲ್ಲಿ 949, 2016ರಲ್ಲಿ 842, 2021ರಲ್ಲಿ 618. ಎಣಿಕೆಯ ವಿಧಾನ ನಡುವೆ ಬದಲಾಗಿದೆ. ಕೆಲವು ಕರಡಿಗಳು ಪಕ್ಕದ ದಕ್ಷಿಣ ಹಡ್ಸನ್ ಕೊಲ್ಲಿಯ ಕಡೆಗೆ ಸರಿದಿರಲೂಬಹುದು. ಇವೆರಡನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೂ ದಾರಿ ಇಳಿಜಾರಿನದೇ.

ಈ ಕುಸಿತ ನಡೆದಿರುವ ಜಾಗದಲ್ಲಿ ಕಾನೂನಿಗೆ ಯಾವ ಕೊರತೆಯೂ ಇಲ್ಲ. ಮ್ಯಾನಿಟೋಬ ಪ್ರಾಂತ್ಯದಲ್ಲಿ ಹಿಮಕರಡಿ ಬೇಟೆಗೆ ಅವಕಾಶವಿಲ್ಲ. ಉತ್ತರದ ನುನಾವುಟ್‌ನಲ್ಲಿ ಇನುಯಿಟ್ ಬೇಟೆಗಾರರಿಗೆ ವರ್ಷಕ್ಕಿಷ್ಟು ಎಂಬ ಕೋಟಾ ಇದೆ. ತಾಯಿ ಕರಡಿಗಳು ಮರಿ ಹಾಕುವ ಗವಿಗಳ ಪ್ರದೇಶವನ್ನು ಕಾಯಲು 1996ರಲ್ಲಿ ವಪುಸ್ಕ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗಿದೆ. ಊರಿಗೆ ನುಗ್ಗಿದ ಕರಡಿಯನ್ನು ಕೊಲ್ಲದೆ ಹಿಡಿದು ಸಾಗಿಸುವ ಪಡೆ ಇದೆ. ವನ್ಯಜೀವಿ ಸಂರಕ್ಷಣೆಯ ಪಠ್ಯಪುಸ್ತಕ ಹೇಳುವ ಬಹುಪಾಲು ಕ್ರಮಗಳು ಇಲ್ಲಿ ಜಾರಿಯಲ್ಲಿವೆ. ಆದರೂ ಕರಡಿಗಳು ಕಡಿಮೆಯಾಗುತ್ತಿವೆ.

ಇದರಿಂದ ನಾವು ಕಲಿಯಬೇಕಾದ ಪಾಠ ಕಠಿಣವಾದದ್ದು. ಹಿಮಕರಡಿಯನ್ನು ಬಂದೂಕಿನಿಂದ ಕಾಪಾಡಲು ಐದು ದೇಶಗಳು ಕಟ್ಟಿದ ವ್ಯವಸ್ಥೆ ಯಶಸ್ವಿಯಾಯಿತು. ಅದೇ ವ್ಯವಸ್ಥೆ ಇಂದು ಅದರ ಕಾಲ ಕೆಳಗಿನ ಮಂಜುಗಡ್ಡೆಯನ್ನು ಕಾಪಾಡುವ ವಿಷಯ ಬಂದಾಗ ಹೊಸ್ತಿಲಲ್ಲೇ ನಿಲ್ಲುತ್ತಿದೆ. ಹೊಸ್ತಿಲು ದಾಟದಿದ್ದರೆ ಈ ಶತಮಾನದೊಳಗೇ ಬಹುತೇಕ ಹಿಮಕರಡಿಗಳನ್ನು ಕಳೆದುಕೊಳ್ಳುವ ಸಾಧ್ಯತೆಯನ್ನು ಲೆಕ್ಕಾಚಾರಗಳು ಮುಂದಿಡುತ್ತಿವೆ.

ಬಂದೂಕು ಇಳಿಸಿದ ಒಪ್ಪಂದ

1960ರ ದಶಕದ ಪರಿಸ್ಥಿತಿಯನ್ನು ನೆನಪಿಸಿಕೊಂಡರೆ ಆ ಯಶಸ್ಸಿನ ಬೆಲೆ ತಿಳಿಯುತ್ತದೆ. ಅಲಾಸ್ಕಾದಲ್ಲಿ ಶ್ರೀಮಂತ ಬೇಟೆಗಾರರು ಹಿಮದ ಮೇಲೆ ಇಳಿಯಬಲ್ಲ ಸಣ್ಣ ವಿಮಾನಗಳಲ್ಲಿ ಹಾರಿ, ಕರಡಿಯನ್ನು ಹುಡುಕಿ, ಇಳಿದು ಗುಂಡಿಕ್ಕುತ್ತಿದ್ದರು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಇನ್ನೊಂದು ಬಗೆ. ಮರದ ಪೆಟ್ಟಿಗೆಯೊಳಗೆ ಬಂದೂಕನ್ನು ಬಿಗಿದು, ಅದರ ಕುದುರೆಗೆ ದಾರ ಕಟ್ಟಿ, ದಾರದ ತುದಿಗೆ ಮಾಂಸದ ತುಂಡು ಸಿಕ್ಕಿಸಿ ಹೋಗುತ್ತಿದ್ದರು. ಹಸಿದ ಕರಡಿ ತಲೆ ತೂರಿಸಿ ಮಾಂಸ ಎಳೆದರೆ ಗುಂಡು ನೇರ ಅದರ ತಲೆಗೆ. ಬೇಟೆಗಾರ ಅಲ್ಲಿರಬೇಕಾದ ಅಗತ್ಯವೇ ಇರಲಿಲ್ಲ. ಸತ್ತದ್ದು ಮರಿಗಳಿರುವ ತಾಯಿಯೋ ಅಲ್ಲವೋ ಎಂದು ನೋಡುವವರೂ ಇರಲಿಲ್ಲ. ಆ ದಶಕದ ಕೊನೆಯ ಹೊತ್ತಿಗೆ ಇಡೀ ಉತ್ತರ ಧ್ರುವ ವಲಯದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಕರಡಿಗಳು ಸಾಯುತ್ತಿದ್ದವು.

ಸೋವಿಯತ್ ಒಕ್ಕೂಟ 1956ರಲ್ಲೇ ಬೇಟೆಯನ್ನು ನಿಷೇಧಿಸಿತ್ತು. 1965ರಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಹಿಮಕರಡಿ ಇರುವ ಐದು ದೇಶಗಳ ತಜ್ಞರು ಮೊದಲ ಬಾರಿ ಸೇರಿದರು. 1968ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಡಿಯಲ್ಲಿ ಹಿಮಕರಡಿ ತಜ್ಞರ ತಂಡ ರೂಪುಗೊಂಡಿತು. ಶೀತಲ ಸಮರ ಇನ್ನೂ ಮುಗಿಯದ ಕಾಲ ಅದು. ಆದರೂ 1973ರ ನವೆಂಬರ್‌ನಲ್ಲಿ ಕೆನಡಾ, ಡೆನ್ಮಾರ್ಕ್, ನಾರ್ವೆ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಓಸ್ಲೊದಲ್ಲಿ ಕೂಡಿ ಹಿಮಕರಡಿ ಸಂರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು. ಡೆನ್ಮಾರ್ಕ್ ಬಂದದ್ದು ಗ್ರೀನ್‌ಲ್ಯಾಂಡ್‌ನ ಪರವಾಗಿ. 1976ರಲ್ಲಿ ಒಪ್ಪಂದ ಜಾರಿಗೆ ಬಂತು.

ವಿಮಾನಗಳಿಂದಲೂ ದೊಡ್ಡ ಯಂತ್ರಚಾಲಿತ ಹಡಗುಗಳಿಂದಲೂ ಬೇಟೆಯಾಡುವುದನ್ನು ಈ ಒಪ್ಪಂದ ನಿಲ್ಲಿಸಿತು. ಸಂಪ್ರದಾಯದ ಹಕ್ಕಿರುವ ಸ್ಥಳೀಯ ಜನರಿಗೆ ಬೇಟೆಯ ಅವಕಾಶ ಉಳಿಸಿತು. ಇದರ ಎರಡನೆಯ ವಿಧಿಯಲ್ಲಿ ಇನ್ನೂ ದೂರ ನೋಡಿದ ಮಾತೊಂದಿದೆ. ಹಿಮಕರಡಿ ಬದುಕುವ ಪರಿಸರ ವ್ಯವಸ್ಥೆಯನ್ನು ರಕ್ಷಿಸುವುದು ಸಹಿ ಹಾಕಿದ ಪ್ರತಿಯೊಂದು ದೇಶದ ಹೊಣೆ, ಮರಿ ಹಾಕುವ ಮತ್ತು ಆಹಾರ ಹುಡುಕುವ ತಾಣಗಳತ್ತ ವಿಶೇಷ ಗಮನ ಕೊಡಬೇಕು ಎನ್ನುತ್ತದೆ ಅದು. ಈ ವಿಧಿಯನ್ನು ಮರೆಯಬಾರದು, ಮುಂದೆ ಮತ್ತೆ ಬೇಕಾಗುತ್ತದೆ.

ಫಲ ಕಾಣಿಸಿತು. ನಾರ್ವೆ ಬೇಟೆಯನ್ನು ಪೂರ್ತಿ ನಿಲ್ಲಿಸಿದ ಮೇಲೆ ಸ್ವಾಲ್ಬಾರ್ಡ್‌ನ ಕರಡಿಗಳು ಚೇತರಿಸಿಕೊಂಡವು. ಅಮೆರಿಕದ 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯ್ದೆ ಅಲಾಸ್ಕಾದ ವಿಮಾನ ಬೇಟೆಯನ್ನು ಕೊನೆಗಾಣಿಸಿತ್ತು. 1975ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಹಿಮಕರಡಿ ಸೇರಿ, ಚರ್ಮದ ವ್ಯಾಪಾರ ಪರವಾನಗಿಯ ಹಿಡಿತಕ್ಕೆ ಬಂತು.

ಕೊಬ್ಬಿನ ಲೆಕ್ಕ

ಹಿಮಕರಡಿಯ ಬದುಕು ನಿಂತಿರುವುದು ಸೀಲ್‌ಗಳ ಕೊಬ್ಬಿನ ಮೇಲೆ. ಸಮುದ್ರ ಹೆಪ್ಪುಗಟ್ಟಿದಾಗ ಸೀಲ್‌ಗಳು ಉಸಿರಾಡಲು ಮಂಜುಗಡ್ಡೆಯಲ್ಲಿ ರಂಧ್ರಗಳನ್ನು ಮಾಡಿಕೊಳ್ಳುತ್ತವೆ. ಕರಡಿ ಆ ರಂಧ್ರದ ಬಳಿ ಗಂಟೆಗಟ್ಟಲೆ ಅಲುಗಾಡದೆ ಕಾದು, ಮೂಗು ಮೇಲೆ ಬಂದ ಕ್ಷಣದಲ್ಲಿ ಎರಗುತ್ತದೆ. ತೆರೆದ ನೀರಿನಲ್ಲಿ ಅದು ಸೀಲ್‌ನ ಬೆನ್ನು ಹತ್ತಿ ಹಿಡಿಯುವುದು ತೀರಾ ಅಪರೂಪ. ಸೀಲ್ ಮರಿಗಳು ಹೇರಳವಾಗಿ ಸಿಗುವ ವಸಂತಕಾಲದಲ್ಲಿ ಕರಡಿ ಮೈತುಂಬ ಕೊಬ್ಬು ಕೂಡಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿ ದಡ ಸೇರಿದ ಮೇಲೆ ಆ ಕೊಬ್ಬನ್ನೇ ಕರಗಿಸಿಕೊಂಡು ಬದುಕಬೇಕು. ಹಡ್ಸನ್ ಕೊಲ್ಲಿಯ ಬಸುರಿ ಕರಡಿಯ ಉಪವಾಸ ಎಂಟು ತಿಂಗಳವರೆಗೂ ಹೋಗುತ್ತದೆ. ಹಿಮದ ಗವಿಯೊಳಗೆ ಸುಮಾರು 600 ಗ್ರಾಂ ತೂಕದ ಮರಿಗಳನ್ನು ಹೆತ್ತು, ಅವು ಹತ್ತು ಕಿಲೋ ಮುಟ್ಟುವವರೆಗೆ ಅದು ಹಾಲೂಡಿಸುವುದು ಹಿಂದಿನ ವಸಂತದಲ್ಲಿ ತಿಂದದ್ದರ ಬಲದಿಂದ.

ಆದ್ದರಿಂದ ಮಂಜುಗಡ್ಡೆ ಎಷ್ಟು ದಿನ ಇರುತ್ತದೆ ಎಂಬುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 1979ರಿಂದೀಚೆಗೆ ಉತ್ತರ ಧ್ರುವ ವಲಯ ಜಗತ್ತಿನ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಕಾದಿದೆ. ಸೆಪ್ಟೆಂಬರ್ ತಿಂಗಳ ಮಂಜುಗಡ್ಡೆಯ ವಿಸ್ತಾರ ದಶಕಕ್ಕೆ ಸುಮಾರು 12 ಶೇಕಡಾದಂತೆ ಕುಗ್ಗುತ್ತಿದೆ. ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ ಕರಡಿಗಳು ಈಗ 1980ರ ದಶಕಕ್ಕಿಂತ ಮೂರು ವಾರಗಳಿಗೂ ಹೆಚ್ಚು ಕಾಲ ದಡದಲ್ಲಿ ಉಪವಾಸ ಕಳೆಯುತ್ತವೆ.

ಇದು ಮೈಮೇಲೆ ಹೇಗೆ ಕಾಣುತ್ತದೆ? 1980ರಲ್ಲಿ ಅಲ್ಲಿನ ಬಸುರಿ ಎಂದು ಅಂದಾಜಿಸಿದ ಒಂಟಿ ಹೆಣ್ಣು ಕರಡಿಗಳ ಸರಾಸರಿ ತೂಕ ಸುಮಾರು 290 ಕಿಲೋ. 2004ರ ಹೊತ್ತಿಗೆ ಅದು 230 ಕಿಲೋ ಆಗಿತ್ತು. ಶರತ್ಕಾಲದಲ್ಲಿ 189 ಕಿಲೋಗಿಂತ ಕಡಿಮೆ ತೂಗಿದ ಯಾವ ಹೆಣ್ಣೂ ಮುಂದಿನ ವಸಂತದಲ್ಲಿ ಮರಿಗಳೊಂದಿಗೆ ಕಂಡದ್ದಿಲ್ಲ. ವಿಜ್ಞಾನಿ ಇಯಾನ್ ಸ್ಟರ್ಲಿಂಗ್ ಮತ್ತು ಸಂಗಡಿಗರು ದಾಖಲಿಸಿದ ಈ ಅಂಕಿಗಳು ಒಂದು ಗಡಿಯನ್ನು ತೋರಿಸುತ್ತವೆ. ದೊಡ್ಡ ಕರಡಿಗಳು ಸಾಯುವುದಕ್ಕೆ ಎಷ್ಟೋ ಮೊದಲೇ ಮರಿಗಳು ಹುಟ್ಟುವುದು ನಿಲ್ಲುತ್ತದೆ.

ಅಲಾಸ್ಕಾ ಮತ್ತು ಕೆನಡಾಗಳ ಉತ್ತರಕ್ಕಿರುವ ದಕ್ಷಿಣ ಬ್ಯೂಫೋರ್ಟ್ ಸಮುದ್ರದಲ್ಲಿ ಇಂಥ ಕುಸಿತ ಆಗಿಯೂ ಹೋಗಿದೆ. ಅಲ್ಲಿ 2004ರಲ್ಲಿ ಸುಮಾರು 1,600 ಇದ್ದ ಕರಡಿಗಳು 2010ಕ್ಕೆ 900ರ ಆಸುಪಾಸಿಗೆ ಇಳಿದವು. 2004ರಿಂದ 2007ರವರೆಗೆ ಅಲಾಸ್ಕಾ ಭಾಗದಲ್ಲಿ ವಿಜ್ಞಾನಿಗಳು ಕಂಡ 80 ಮರಿಗಳ ಪೈಕಿ ಉಳಿದದ್ದು ಖಚಿತವಾಗಿ ಗೊತ್ತಿರುವುದು ಎರಡು ಮಾತ್ರ. ಇದೇ ಸಮುದ್ರದಲ್ಲಿ 2008ರಲ್ಲಿ ಕೊರಳಪಟ್ಟಿ ತೊಡಿಸಿದ್ದ ಒಂದು ತಾಯಿ ಕರಡಿ ಮಂಜುಗಡ್ಡೆ ಹುಡುಕುತ್ತ ಒಂಬತ್ತು ದಿನ ಎಡೆಬಿಡದೆ 687 ಕಿಲೋಮೀಟರ್ ಈಜಿತು. ಎರಡು ತಿಂಗಳ ಬಳಿಕ ಮತ್ತೆ ಹಿಡಿದು ತೂಗಿದಾಗ ಅದು ದೇಹದ ತೂಕದ 22 ಶೇಕಡಾ ಕಳೆದುಕೊಂಡಿತ್ತು. ಜೊತೆಗಿದ್ದ ಒಂದು ವರ್ಷದ ಮರಿ ಇರಲಿಲ್ಲ.

ದಡದಲ್ಲಿ ಬೇರೇನಾದರೂ ತಿಂದು ಬದುಕಲಾರದೇ ಎಂದು ಕೇಳುವವರಿದ್ದಾರೆ. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಪಶ್ಚಿಮ ಹಡ್ಸನ್ ಕೊಲ್ಲಿಯ 20 ಕರಡಿಗಳ ಕೊರಳಿಗೆ ಕ್ಯಾಮೆರಾ ಕಟ್ಟಿ, ಬೇಸಿಗೆಯಲ್ಲಿ ಮೂರು ವಾರಗಳವರೆಗೆ ಅವುಗಳ ದಿನಚರಿಯನ್ನು ಗಮನಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕೆಲವು ಕರಡಿಗಳು ಸುಮ್ಮನೆ ಮಲಗಿದವು. ಕೆಲವು ಕಾಡುಹಣ್ಣು, ಹುಲ್ಲು, ಹಕ್ಕಿ, ಮೂಳೆ ಎಂದು ಸಿಕ್ಕಿದ್ದನ್ನು ತಿಂದವು. ಒಂದು ಕರಡಿ 175 ಕಿಲೋಮೀಟರ್ ಈಜಿತು. ಮಲಗಿದ್ದವೂ ತಿರುಗಾಡಿದವೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಸೊರಗಿದವು, ದಿನಕ್ಕೆ ಸರಾಸರಿ ಒಂದು ಕಿಲೋದಷ್ಟು. ಇಪ್ಪತ್ತರಲ್ಲಿ ತೂಕ ಹೆಚ್ಚಿಸಿಕೊಂಡದ್ದು ಒಂದೇ ಒಂದು. ದಡದಲ್ಲಿ ಸತ್ತುಬಿದ್ದಿದ್ದ ಕಡಲ ಪ್ರಾಣಿಯೊಂದು ಅದಕ್ಕೆ ಸಿಕ್ಕಿತ್ತು. ಹಣ್ಣು ಹಂಪಲು ಸೀಲ್‌ನ ಕೊಬ್ಬಿನ ಜಾಗವನ್ನು ತುಂಬಲಾರವು.

ಎಲ್ಲ ಕಡೆ ಒಂದೇ ಚಿತ್ರವಲ್ಲ

ಎಚ್ಚರಿಕೆ ಕೊಡುವವರು ತಮಗೆ ಒಗ್ಗದ ಪುರಾವೆಯನ್ನೂ ಓದುಗರ ಮುಂದಿಡಬೇಕು. ಜಗತ್ತಿನಲ್ಲಿ ಸುಮಾರು 26,000 ಹಿಮಕರಡಿಗಳಿವೆ ಎಂಬುದು 2015ರ ಅಂದಾಜು. ಅವು ಇಪ್ಪತ್ತು ಗುಂಪುಗಳಾಗಿ ಹಂಚಿಹೋಗಿವೆ, ಎಲ್ಲವೂ ಒಂದೇ ವೇಗದಲ್ಲಿ ಕುಸಿಯುತ್ತಿಲ್ಲ. ಅಲಾಸ್ಕಾ ಮತ್ತು ರಷ್ಯಾ ನಡುವಿನ ಚುಕ್ಚಿ ಸಮುದ್ರದಲ್ಲಿ ಸುಮಾರು 3,000 ಕರಡಿಗಳಿದ್ದು, ಅವುಗಳ ಮೈಕಟ್ಟು ಚೆನ್ನಾಗಿದೆ ಎಂದು 2018ರ ಅಧ್ಯಯನ ಹೇಳಿತು. ಆಳವಿಲ್ಲದ ಆ ಸಮುದ್ರದಲ್ಲಿ ಸೀಲ್‌ಗಳು ಹೇರಳ. ಕೆನಡಾ ಮತ್ತು ಗ್ರೀನ್‌ಲ್ಯಾಂಡ್‌ಗಳ ನಡುವಿನ ಕೇನ್ ಬೇಸಿನ್‌ನಲ್ಲಿ ವರ್ಷಾನುವರ್ಷ ಕರಗದ ದಪ್ಪ ಮಂಜುಗಡ್ಡೆ ತೆಳುವಾಗಿ, ಬಿಸಿಲು ನೀರಿಗಿಳಿದು, ಕಡಲಿನ ಉತ್ಪಾದಕತೆ ಹೆಚ್ಚಿ ಕರಡಿಗಳಿಗೆ ಅನುಕೂಲವೇ ಆಗಿದೆ. ಆಗ್ನೇಯ ಗ್ರೀನ್‌ಲ್ಯಾಂಡ್‌ನಲ್ಲಿ ಕೆಲವು ನೂರು ಕರಡಿಗಳು ಹಿಮನದಿಗಳಿಂದ ಕಳಚಿ ಬಿದ್ದ ಗಡ್ಡೆಗಳ ಮೇಲೆ ನಿಂತು ಬೇಟೆಯಾಡುವುದನ್ನು 2022ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಈ ಸುದ್ದಿಗಳು ಸಮಾಧಾನ ತರುತ್ತವೆ, ಆದರೆ ಅವು ತಾತ್ಕಾಲಿಕ. ಕೇನ್ ಬೇಸಿನ್‌ನ ತೆಳು ಮಂಜುಗಡ್ಡೆಯೂ ಮುಂದೊಂದು ದಿನ ಇಲ್ಲವಾಗುತ್ತದೆ ಎಂದು ಅದೇ ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಹಿಮನದಿಯ ಗಡ್ಡೆಗಳು ಸಿಗುವ ಕೊಲ್ಲಿಗಳು ಇಡೀ ವಲಯದಲ್ಲಿ ಕೆಲವೇ. ರಷ್ಯಾದ ಕಡೆಯ ಹಲವು ಗುಂಪುಗಳ ಬಗ್ಗೆ ನಂಬಬಹುದಾದ ಗಣತಿಯೇ ನಡೆದಿಲ್ಲ.

ಇನ್ನೊಂದು ಮಾತನ್ನು ಪದೇ ಪದೇ ಕೇಳುತ್ತೇವೆ. 1960ರ ದಶಕದಲ್ಲಿ 5,000 ಇದ್ದ ಕರಡಿಗಳು ಈಗ 25,000 ಆಗಿವೆ, ಹಾಗಾದರೆ ಭಯವೇಕೆ ಎಂದು. ಆ ಹಳೆಯ ಸಂಖ್ಯೆಗೆ ಆಧಾರವಾಗಿ ಸರಿಯಾದ ಗಣತಿಯೇನೂ ಇರಲಿಲ್ಲ, ಅದೊಂದು ಊಹೆ. ಬೇಟೆ ನಿಂತ ಮೇಲೆ ಕೆಲವು ಗುಂಪುಗಳು ಹೆಚ್ಚಿದ್ದು ನಿಜ. ಕಾನೂನು ಗೆದ್ದ ಆ ಹಳೆಯ ಯುದ್ಧದ ಫಲವನ್ನು ಇಂದಿನ ಅಪಾಯ ಸುಳ್ಳೆನ್ನಲು ಬಳಸುವುದು ಸರಿಯಲ್ಲ.

ಬೇಟೆಯ ಕೋಟಾ, ಇನುಯಿಟರ ಮಾತು

ಜಗತ್ತಿನ ಹಿಮಕರಡಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಕೆನಡಾದಲ್ಲಿವೆ. ಅಲ್ಲಿ ಬೇಟೆಯ ಮಿತಿಯನ್ನು ಸರ್ಕಾರ ಒಂದೇ ನಿರ್ಧರಿಸುವುದಿಲ್ಲ. 1993ರ ನುನಾವುಟ್ ಭೂಒಪ್ಪಂದದ ಪ್ರಕಾರ ವನ್ಯಜೀವಿ ನಿರ್ವಹಣಾ ಮಂಡಳಿಯಲ್ಲಿ ಇನುಯಿಟ್ ಸಂಘಟನೆಗಳ ಪ್ರತಿನಿಧಿಗಳಿದ್ದಾರೆ, ಊರೂರಿನ ಬೇಟೆಗಾರರ ಸಂಘಗಳಿಗೆ ದನಿ ಇದೆ. ಪ್ರತಿ ಸಮುದಾಯಕ್ಕೆ ವರ್ಷಕ್ಕೆ ಇಷ್ಟು ಟ್ಯಾಗ್, ಅಂದರೆ ಬೇಟೆಯ ಅನುಮತಿ ಚೀಟಿ, ಎಂದು ಹಂಚಿಕೆಯಾಗುತ್ತದೆ. ಆತ್ಮರಕ್ಷಣೆಗಾಗಿ ಕೊಂದ ಕರಡಿಯನ್ನೂ ಆ ಲೆಕ್ಕದಿಂದಲೇ ಕಳೆಯುತ್ತಾರೆ. ಗ್ರೀನ್‌ಲ್ಯಾಂಡ್ 2006ರಲ್ಲಿ ಕೋಟಾ ಪದ್ಧತಿ ತಂದಿತು, ಮರಿಗಳಿರುವ ತಾಯಿಯನ್ನು ಕೊಲ್ಲುವುದು ಅಲ್ಲಿ ಅಪರಾಧ. ಅಮೆರಿಕ ಮತ್ತು ರಷ್ಯಾ ದೇಶಗಳು 2000ದಲ್ಲಿ ಸಹಿ ಹಾಕಿದ ಒಪ್ಪಂದ 2007ರಲ್ಲಿ ಜಾರಿಗೆ ಬಂದು, ಚುಕ್ಚಿ ಕರಡಿಗಳ ವಾರ್ಷಿಕ ಬೇಟೆಗೆ 2010ರಲ್ಲಿ 58ರ ಮಿತಿ ಹಾಕಿತು. ಹೊಸ ಗಣತಿಯ ನಂತರ 2018ರಲ್ಲಿ ಅದನ್ನು 85ಕ್ಕೆ ಏರಿಸಿದರು.

ದೂರದಲ್ಲಿ ಕುಳಿತ ನಮಗೆ ಈ ಬೇಟೆಯೇ ಕರಡಿಯ ಶತ್ರು ಎಂದು ತೋರುವುದು ಸಹಜ. ಪುರಾವೆ ಅದನ್ನು ಒಪ್ಪುವುದಿಲ್ಲ. ಗಣತಿಗೆ ಹೊಂದಿಸಿ ಮಿತಿಯನ್ನು ಇಳಿಸುತ್ತ ಏರಿಸುತ್ತ ಹೋದರೆ ಆರೋಗ್ಯವಾಗಿರುವ ಗುಂಪು ಬೇಟೆಯನ್ನು ತಾಳಿಕೊಳ್ಳುತ್ತದೆ. ಇನುಯಿಟರಿಗೆ ಹಿಮಕರಡಿ ಊಟ, ಉಡುಪು, ನೆಂಟ, ಗೌರವ ಎಲ್ಲವೂ. ಕರಡಿ ಎಲ್ಲಿ ತಿರುಗುತ್ತದೆ, ಎಲ್ಲಿ ಗವಿ ತೋಡುತ್ತದೆ ಎಂಬ ತಲೆಮಾರುಗಳ ತಿಳಿವಳಿಕೆ ಅವರದು. ಹಲವು ಕಡೆ ಕರಡಿಗಳು ಹೆಚ್ಚಾಗಿವೆ ಎನ್ನುವುದು ಅವರ ಅನುಭವ. ಊರ ಹತ್ತಿರ ಹೆಚ್ಚು ಕಾಣುತ್ತಿರುವುದು ದಡದಲ್ಲಿ ಹೆಚ್ಚು ದಿನ ಉಳಿದದ್ದರಿಂದ ಎನ್ನುವುದು ಹಲವು ವಿಜ್ಞಾನಿಗಳ ವಿವರಣೆ. ಈ ಭಿನ್ನಾಭಿಪ್ರಾಯವನ್ನು ಒಂದೇ ಮೇಜಿನ ಸುತ್ತ ಕುಳಿತು ಬಗೆಹರಿಸಿಕೊಳ್ಳುವ ವ್ಯವಸ್ಥೆ ಅಲ್ಲಿದೆ ಎಂಬುದೇ ದೊಡ್ಡ ಸಂಗತಿ. ಹೊಗೆ ಕಾರಿದವರು ಬೇರೆ ಕಡೆ ಇರುವಾಗ, ಮಂಜುಗಡ್ಡೆ ಕರಗಿದ ತಪ್ಪಿಗೆ ಈ ಜನರ ಕೋಟಾವನ್ನೇ ಮೊದಲು ಕತ್ತರಿಸುವುದು ಅನ್ಯಾಯ.

ಊರ ಬಾಗಿಲಿಗೆ ಬಂದ ಹಸಿವು

ಹಡ್ಸನ್ ಕೊಲ್ಲಿಯ ದಡದ ಚರ್ಚಿಲ್ ಪಟ್ಟಣದಲ್ಲಿ ಒಂಬೈನೂರರಷ್ಟು ಜನರಿದ್ದಾರೆ. ಶರತ್ಕಾಲದಲ್ಲಿ ಸಮುದ್ರ ಹೆಪ್ಪುಗಟ್ಟಲೆಂದು ಕಾಯುವ ಕರಡಿಗಳು ಊರ ಸುತ್ತ ಸುಳಿಯುತ್ತವೆ. ಎದುರಾದರೆ ಯಾರಾದರೂ ಓಡಿಬಂದು ಒಳ ಸೇರಿಕೊಳ್ಳಲಿ ಎಂದು ಅಲ್ಲಿಯ ಜನ ಕಾರಿನ ಬಾಗಿಲಿಗೆ ಬೀಗ ಹಾಕದೆ ಬಿಡುತ್ತಾರೆ. ಮ್ಯಾನಿಟೋಬ ಪ್ರಾಂತ್ಯದ ಕಾವಲು ಪಡೆ ಹಗಲೂ ರಾತ್ರಿ ಕರೆ ಸ್ವೀಕರಿಸುತ್ತದೆ. ಮೊದಲು ಸದ್ದು ಮಾಡುವ ಪಟಾಕಿಗಳಿಂದ ಕರಡಿಯನ್ನು ಅಟ್ಟುತ್ತಾರೆ. ಜಗ್ಗದಿದ್ದರೆ ಬೋನಿಟ್ಟು ಇಲ್ಲವೇ ಅರಿವಳಿಕೆ ಚುಚ್ಚಿ ಹಿಡಿದು, ಹಳೆಯ ಸೇನಾ ಕಟ್ಟಡವೊಂದರಲ್ಲಿ ಮಾಡಿರುವ 28 ಕೋಣೆಗಳ ಬಂಧನಗೃಹಕ್ಕೆ ಒಯ್ಯುತ್ತಾರೆ. ಅಲ್ಲಿ ನೀರು ಕೊಡುತ್ತಾರೆ, ಊಟ ಕೊಡುವುದಿಲ್ಲ. ಮನುಷ್ಯರ ಬಳಿ ಹೋದರೆ ಊಟ ಸಿಗುತ್ತದೆ ಎಂಬ ಪಾಠ ಕರಡಿಗೆ ಆಗಬಾರದು ಎಂಬುದು ಉದ್ದೇಶ. ಕೆಲವು ವಾರಗಳ ನಂತರ, ಕೆಲವೊಮ್ಮೆ ಹೆಲಿಕಾಪ್ಟರ್‌ಗೆ ತೂಗುಹಾಕಿದ ಬಲೆಯಲ್ಲಿ, ಊರಿಂದ ಉತ್ತರಕ್ಕೆ ಸಾಗಿಸಿ ಬಿಡುತ್ತಾರೆ. ತೆರೆದ ಕಸದ ತಿಪ್ಪೆಯನ್ನು 2005ರಲ್ಲಿ ಮುಚ್ಚಿದ್ದೂ ಇದೇ ಕಾರಣಕ್ಕೆ.

ಇಂಥ ಕಾವಲು ಫಲ ಕೊಡುತ್ತದೆ. ನುನಾವುಟ್‌ನ ಆರ್ವಿಯಾಟ್‌ನಲ್ಲಿ 2010ರಿಂದ ಸ್ಥಳೀಯರೇ ನಡೆಸಿದ ಗಸ್ತಿನ ನಂತರ, ಊರ ರಕ್ಷಣೆಗಾಗಿ ಕೊಲ್ಲಬೇಕಾದ ಕರಡಿಗಳ ಸಂಖ್ಯೆ ತೀರ ಇಳಿಯಿತು. ರಷ್ಯಾದ ಚುಕೋಟ್ಕಾ ಕರಾವಳಿಯ ಹಳ್ಳಿಗಳಲ್ಲಿಯೂ ಜನರೇ ಕರಡಿ ಗಸ್ತು ಕಟ್ಟಿಕೊಂಡಿದ್ದಾರೆ.

ಆದರೆ ಒತ್ತಡ ಏರುತ್ತಲೇ ಇದೆ. 1870ರಿಂದ 2014ರವರೆಗೆ ವನ್ಯ ಹಿಮಕರಡಿಗಳು ಮನುಷ್ಯರ ಮೇಲೆ ನಡೆಸಿದ 73 ದಾಳಿಗಳನ್ನು ಸಂಶೋಧಕರು ಒಟ್ಟುಗೂಡಿಸಿದರು. ಇಪ್ಪತ್ತು ಜನ ಸತ್ತಿದ್ದರು. ಅವುಗಳಲ್ಲಿ 15 ದಾಳಿಗಳು 2010ರಿಂದ 2014ರ ನಡುವಿನವು. ದಾಳಿ ಮಾಡಿದ ಕರಡಿಗಳಲ್ಲಿ ಸೊರಗಿದ ಗಂಡುಗಳೇ ಮುಂದು. 2019ರ ಫೆಬ್ರುವರಿಯಲ್ಲಿ ರಷ್ಯಾದ ನೊವಾಯಾ ಜೆಮ್ಲ್ಯಾ ದ್ವೀಪದ ಬೆಲುಶ್ಯಾ ಗುಬಾ ಊರಿನ ಸುತ್ತ ಐವತ್ತಕ್ಕೂ ಹೆಚ್ಚು ಕರಡಿಗಳು ಸೇರಿ, ಕೆಲವು ಕಟ್ಟಡಗಳ ಒಳಗೇ ನುಗ್ಗಿದಾಗ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. 2023ರ ಜನವರಿಯಲ್ಲಿ ಅಲಾಸ್ಕಾದ ವೇಲ್ಸ್ ಎಂಬ ಹಳ್ಳಿಯಲ್ಲಿ ಒಬ್ಬ ತಾಯಿ ಮತ್ತು ಅವರ ಹಸುಗೂಸು ಕರಡಿಗೆ ಬಲಿಯಾದರು. ಮಂಜುಗಡ್ಡೆಯಿಲ್ಲದ ದಿನಗಳು ಹೆಚ್ಚಿದಂತೆ ಈ ಅಪಾಯವೂ ಹೆಚ್ಚುತ್ತದೆ.

ಕಾನೂನು ನಿಂತ ಹೊಸ್ತಿಲು

2008ರ ಮೇ 15ರಂದು ಅಮೆರಿಕ ಸರ್ಕಾರ ಹಿಮಕರಡಿಯನ್ನು ಅಪಾಯಕ್ಕೀಡಾದ ಜೀವಿ ಎಂದು ತನ್ನ ಅಳಿವಿನಂಚಿನ ಜೀವಿಗಳ ಕಾಯ್ದೆಯ ಅಡಿಯಲ್ಲಿ ಸೇರಿಸಿತು. ಕಾರಣವನ್ನೂ ಸ್ಪಷ್ಟವಾಗಿ ಬರೆಯಿತು. ಭೂಮಿ ಕಾಯುತ್ತಿದೆ, ಮಂಜುಗಡ್ಡೆ ಹೋಗುತ್ತಿದೆ, ಆದ್ದರಿಂದ ಕರಡಿಗೆ ಅಪಾಯ. ಅದೇ ದಿನ ಆಂತರಿಕ ವ್ಯವಹಾರಗಳ ಕಾರ್ಯದರ್ಶಿ ಡರ್ಕ್ ಕೆಂಪ್ತಾರ್ನ್ ವಿಶೇಷ ನಿಯಮವೊಂದನ್ನೂ ಪ್ರಕಟಿಸಿದರು. ಈ ಕಾಯ್ದೆಯನ್ನು ಹಸಿರುಮನೆ ಅನಿಲಗಳ ನಿಯಂತ್ರಣಕ್ಕೆ ಬಳಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಕಾಯಿಲೆ ಯಾವುದೆಂದು ಬರೆದ ಕೈಯೇ ಮದ್ದಿನ ಕಪಾಟಿಗೆ ಬೀಗ ಹಾಕಿದಂತಾಯಿತು. ನ್ಯಾಯಾಲಯಗಳ ಸುತ್ತು ಮುಗಿದು 2013ರಲ್ಲಿ ಆ ನಿಯಮ ಅಂತಿಮ ರೂಪ ಪಡೆಯಿತು.

ಕಾನೂನಿಗೆ ಹಿಡಿತವಿದ್ದ ಕಡೆಯೂ ಜಗ್ಗಾಟ ನಡೆಯಿತು. 2010ರಲ್ಲಿ ಅಲಾಸ್ಕಾದ ಸುಮಾರು 4.84 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಕರಡಿಯ ನಿರ್ಣಾಯಕ ನೆಲೆ ಎಂದು ಗುರುತಿಸಿದರು. ಅದರಲ್ಲಿ ಬಹುಪಾಲು ಸಮುದ್ರದ ಮಂಜುಗಡ್ಡೆಯೇ. 2013ರಲ್ಲಿ ನ್ಯಾಯಾಲಯ ಇದನ್ನು ರದ್ದುಮಾಡಿತು, 2016ರಲ್ಲಿ ಮೇಲಿನ ನ್ಯಾಯಾಲಯ ಮತ್ತೆ ಎತ್ತಿಹಿಡಿಯಿತು. ತೈಲ ಶೋಧಿಸುವ ಕಂಪನಿಗಳು ಹಿಮದಡಿಯ ಗವಿಗಳನ್ನು ಶಾಖ ಗುರುತಿಸುವ ಕ್ಯಾಮೆರಾಗಳಿಂದ ಪತ್ತೆ ಮಾಡಿ ದೂರವಿರಬೇಕೆಂಬ ನಿಯಮವಿದೆ. ಆದರೆ ಅಲಾಸ್ಕಾದ ಉತ್ತರ ಇಳಿಜಾರಿನಲ್ಲಿ ಇಂಥ ಸಮೀಕ್ಷೆಗಳು ಅಲ್ಲಿದ್ದ 33 ಗವಿಗಳ ಪೈಕಿ ಕಂಡುಹಿಡಿದದ್ದು 15ನ್ನು ಮಾತ್ರ ಎಂದು 2020ರ ಅಧ್ಯಯನ ತೋರಿಸಿತು. ಉಳಿದ ಗವಿಗಳೊಳಗಿನ ತಾಯಿ ಮತ್ತು ಮರಿಗಳಿಗೆ ಆ ನಿಯಮದಿಂದ ರಕ್ಷಣೆ ಸಿಕ್ಕಿರಲಿಲ್ಲ.

ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಇದೇ ಕತೆ. 2009ರಲ್ಲಿ ನಾರ್ವೆಯ ಟ್ರೋಮ್ಸೊದಲ್ಲಿ ಸೇರಿದ ಐದು ದೇಶಗಳು ಹವಾಮಾನ ಬದಲಾವಣೆಯೇ ಹಿಮಕರಡಿಗೆ ದೀರ್ಘಕಾಲದ ಅತಿ ದೊಡ್ಡ ಬೆದರಿಕೆ ಎಂದು ಒಪ್ಪಿಕೊಂಡವು. 2015ರಲ್ಲಿ ಗ್ರೀನ್‌ಲ್ಯಾಂಡ್‌ನ ಇಲುಲಿಸ್ಸಾಟ್‌ನಲ್ಲಿ ಹತ್ತು ವರ್ಷಗಳ ಕ್ರಿಯಾ ಯೋಜನೆಗೆ ಒಪ್ಪಿಗೆ ಕೊಟ್ಟವು. ಗಣತಿ, ಸಂಘರ್ಷ ತಡೆ, ವ್ಯಾಪಾರ, ಹಡಗು ಸಂಚಾರ, ತೈಲ ಸೋರಿಕೆ ಎಲ್ಲಕ್ಕೂ ಅದರಲ್ಲಿ ಕಾರ್ಯಕ್ರಮಗಳಿದ್ದವು. ಹೊಗೆಯ ವಿಷಯದಲ್ಲಿ ಮಾತ್ರ ಅದರ ತುರ್ತನ್ನು ಜನರಿಗೂ ಸರ್ಕಾರಗಳಿಗೂ ತಿಳಿಸುವ ಭರವಸೆ ಇತ್ತೇ ಹೊರತು ಇಷ್ಟು ಇಳಿಸುತ್ತೇವೆ ಎಂಬ ಬದ್ಧತೆ ಇರಲಿಲ್ಲ. ಅಮೆರಿಕದ ವನ್ಯಜೀವಿ ಇಲಾಖೆಯ 2017ರ ನಿರ್ವಹಣಾ ಯೋಜನೆಯೂ ಕರಡಿಯ ಚೇತರಿಕೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹಸಿರುಮನೆ ಅನಿಲಗಳ ಕಡಿತ ಎಂದು ಒತ್ತಿ ಹೇಳಿತು. ಆ ಕಡಿತ ಮಾಡಿಸುವ ಅಧಿಕಾರ ಆ ಇಲಾಖೆಗಿಲ್ಲ.

ಲೆಕ್ಕ ಸಿಗುವುದಿಲ್ಲ ಎಂಬ ನೆಪ

ಇಂಥ ಕಾರ್ಖಾನೆಯ ಹೊಗೆ ಇಂಥ ಕರಡಿಗೆ ಹಾನಿ ಮಾಡಿತು ಎಂದು ತೋರಿಸಲಾಗದು ಎಂಬುದು 2008ರಲ್ಲಿ ಅಮೆರಿಕ ಸರ್ಕಾರದ ಕಾನೂನು ಅಧಿಕಾರಿ ಕೊಟ್ಟ ಅಭಿಪ್ರಾಯ. ಈ ವಾದ ಅಂದು ಬಲವಾಗಿ ಕಂಡಿರಬಹುದು. ಇಂದು ಅದಕ್ಕೆ ನೆಲೆಯಿಲ್ಲ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಸೆಪ್ಟೆಂಬರ್ ತಿಂಗಳ ಮಂಜುಗಡ್ಡೆಯಲ್ಲಿ ಸುಮಾರು ಮೂರು ಚದರ ಮೀಟರ್ ಕಡಿಮೆಯಾಗುತ್ತದೆ ಎಂದು ವಿಜ್ಞಾನಿಗಳಾದ ಡಿರ್ಕ್ ನಾಟ್ಸ್ ಮತ್ತು ಜೂಲಿಯೆನ್ ಸ್ಟ್ರೋವ್ 2016ರಲ್ಲೇ ತೋರಿಸಿದರು. 2023ರಲ್ಲಿ ಸ್ಟೀವನ್ ಆಮ್‌ಸ್ಟ್ರಪ್ ಮತ್ತು ಸೆಸಿಲಿಯಾ ಬಿಟ್ಜ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊರಸೂಸಿದ ಅನಿಲದ ಮೊತ್ತದಿಂದ ಮಂಜುಗಡ್ಡೆಯಿಲ್ಲದ ದಿನಗಳಿಗೂ, ಆ ದಿನಗಳಿಂದ ಮರಿಗಳ ಉಳಿವಿಗೂ ನೇರ ಕೊಂಡಿ ಹಾಕಿದರು. ಅಮೆರಿಕದ ವಿದ್ಯುತ್ ಸ್ಥಾವರಗಳು ಮೂವತ್ತು ವರ್ಷಗಳಲ್ಲಿ ಉಗುಳುವ 60 ಗಿಗಾಟನ್‌ಗೂ ಹೆಚ್ಚು ಅನಿಲದಿಂದ ದಕ್ಷಿಣ ಬ್ಯೂಫೋರ್ಟ್‌ನಲ್ಲಿ ಮರಿಗಳ ಉಳಿವು ಸುಮಾರು 4 ಶೇಕಡಾ ಕುಗ್ಗುತ್ತದೆ ಎಂಬುದು ಅವರ ಲೆಕ್ಕ.

ದೂರದ ಹೊಗೆಯನ್ನು ಕಾನೂನು ಹಿಡಿಯಲಾರದು ಎನ್ನುವವರಿಗೆ ಇನ್ನೊಂದು ಉದಾಹರಣೆ ಇದೆ. ಉತ್ತರ ಧ್ರುವದಲ್ಲಿ ಒಂದು ಹನಿಯೂ ತಯಾರಾಗದ ಪಿಸಿಬಿಯಂಥ ವಿಷಗಳು ಗಾಳಿ ಮತ್ತು ಕಡಲ ಪ್ರವಾಹಗಳಲ್ಲಿ ತೇಲಿಹೋಗಿ ಹಿಮಕರಡಿಯ ಕೊಬ್ಬಿನಲ್ಲಿ, ಇನುಯಿಟ್ ತಾಯಂದಿರ ಎದೆಹಾಲಿನಲ್ಲಿ ಸೇರಿದ್ದವು. ಶೀಲಾ ವಾಟ್ ಕ್ಲೂಟಿಯೆ ಅವರಂಥ ಇನುಯಿಟ್ ನಾಯಕರು ಜಗತ್ತಿನ ಮುಂದೆ ಈ ಪುರಾವೆ ಇಟ್ಟು ವಾದಿಸಿದರು. 2001ರ ಸ್ಟಾಕ್‌ಹೋಮ್ ಒಪ್ಪಂದ ಆ ರಾಸಾಯನಿಕಗಳಿಗೆ ಮೂಲದಲ್ಲೇ ಕಡಿವಾಣ ಹಾಕಿತು. ಕರಡಿಗಳ ಮೈಯಲ್ಲಿ ಹಳೆಯ ವಿಷಗಳ ಪ್ರಮಾಣ ಹಲವು ಕಡೆ ಇಳಿದಿದೆ. ಸಾವಿರಾರು ಕಿಲೋಮೀಟರ್ ದೂರದ ಕಾರಣವನ್ನು ಒಪ್ಪಂದವೊಂದು ಹಿಡಿದು ನಿಲ್ಲಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಮುಂದಿರುವ ಗಡುವು

ಮೂರು ತಲೆಮಾರುಗಳೊಳಗೆ ಹಿಮಕರಡಿಗಳ ಒಟ್ಟು ಸಂಖ್ಯೆ 30 ಶೇಕಡಾಕ್ಕಿಂತ ಹೆಚ್ಚು ಇಳಿಯುವ ಸಂಭವ ಸುಮಾರು 70 ಶೇಕಡಾ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 2015ರ ಕೆಂಪು ಪಟ್ಟಿಯ ಮೌಲ್ಯಮಾಪನ ಹೇಳಿತು. 2020ರಲ್ಲಿ ಪೀಟರ್ ಮೊಲ್ನಾರ್ ತಂಡ ಕರಡಿಯ ದೇಹ ಎಷ್ಟು ದಿನದ ಉಪವಾಸ ತಾಳಬಲ್ಲದು ಎಂಬುದರಿಂದ ಹೊರಟು, ಹೊರಸೂಸುವಿಕೆ ಹೀಗೇ ಏರುತ್ತ ಹೋದರೆ 2100ರ ಹೊತ್ತಿಗೆ ದೂರದ ಉತ್ತರದ ಕೆಲವು ಗುಂಪುಗಳನ್ನು ಬಿಟ್ಟು ಉಳಿದವು ಇಲ್ಲವಾಗುತ್ತವೆ ಎಂಬ ತೀರ್ಮಾನಕ್ಕೆ ಬಂತು. ಸಾಧಾರಣ ಕಡಿತ ಮಾಡಿದರೆ ಹಲವು ಗುಂಪುಗಳ ಆಯುಷ್ಯ ಹೆಚ್ಚುತ್ತದೆ, ಆದರೂ ಕೆಲವು ಹೋಗುತ್ತವೆ. 2024ರ ಇನ್ನೊಂದು ಅಧ್ಯಯನದ ಪ್ರಕಾರ, ತಾಪದ ಏರಿಕೆಯನ್ನು 2 ಡಿಗ್ರಿಯೊಳಗೆ ಹಿಡಿದರೆ ಹಡ್ಸನ್ ಕೊಲ್ಲಿಯಲ್ಲಿ ಮಂಜುಗಡ್ಡೆಯಿಲ್ಲದ ಅವಧಿ 183 ದಿನ ಮೀರದಂತೆ ತಡೆಯಬಹುದು, ಬೆಳೆದ ಕರಡಿಗಳಿಗೆ ಬದುಕುವ ಅವಕಾಶ ಉಳಿಯುತ್ತದೆ. ಮರಿಗಳ ವಿಷಯದಲ್ಲಿ ಆ ಭರವಸೆಯನ್ನೂ ಅದು ಕೊಡುವುದಿಲ್ಲ.

ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲಿ ಕರಡಿಗಳ ಜೀವವಾಗಿ ಪರಿಣಮಿಸುತ್ತದೆ. ಹಾಗಾಗಿ ಎಲ್ಲವೂ ಮುಗಿಯಿತು ಎಂದು ಕೈಚೆಲ್ಲುವುದು ಪುರಾವೆಗೆ ವಿರುದ್ಧ.

ಭಾರತಕ್ಕೂ ಇದರಲ್ಲಿ ಪಾಲಿದೆ. ಸ್ವಾಲ್ಬಾರ್ಡ್‌ನ ನಿ ಒಲೆಸುಂಡ್‌ನಲ್ಲಿ 2008ರಿಂದ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. 2013ರಿಂದ ಆರ್ಕ್ಟಿಕ್ ಮಂಡಳಿಯಲ್ಲಿ ನಾವು ವೀಕ್ಷಕರು. 2022ರಲ್ಲಿ ಕೇಂದ್ರ ಸರ್ಕಾರ ಆರ್ಕ್ಟಿಕ್ ನೀತಿಯನ್ನು ಪ್ರಕಟಿಸಿತು. ಕಾರಾ ಸಮುದ್ರದ ಮಂಜುಗಡ್ಡೆಯ ಕುಸಿತಕ್ಕೂ ಮುಂಗಾರಿನ ಕೊನೆಯ ಸೆಪ್ಟೆಂಬರ್ ತಿಂಗಳ ವಿಪರೀತ ಮಳೆಗೂ ನಂಟಿರಬಹುದೆಂದು ನಮ್ಮ ವಿಜ್ಞಾನಿಗಳು 2021ರಲ್ಲಿ ಬರೆದರು. ಒಬ್ಬ ಭಾರತೀಯ ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸರಾಸರಿ ಎರಡು ಟನ್, ಅಂದರೆ ಆರು ಚದರ ಮೀಟರ್ ಮಂಜುಗಡ್ಡೆ. ಒಬ್ಬ ಅಮೆರಿಕನ್ನನ ಪಾಲು ಅದರ ಹಲವು ಪಟ್ಟು. ಹೊಣೆ ಸಮಾನವಲ್ಲ, ಹಾಗೆಂದು ನಮ್ಮದು ಸೊನ್ನೆಯೂ ಅಲ್ಲ. ಒಟ್ಟು ಮೊತ್ತದಲ್ಲಿ ಭಾರತ ಜಗತ್ತಿನಲ್ಲೇ ಮೂರನೆಯದು.

ಆದರೂ ಮೊದಲ ಹೆಜ್ಜೆ ಇಡಬೇಕಾದವರು 1973ರಲ್ಲಿ ಸಹಿ ಹಾಕಿದ ಐದು ದೇಶಗಳೇ. ಗಣತಿಗೆ ಹಣ ಕೊಡುವುದು, ಊರ ಗಸ್ತುಗಳನ್ನು ಬಲಪಡಿಸುವುದು, ಗವಿಗಳಿರುವ ನೆಲದಲ್ಲಿ ತೈಲ ಶೋಧ ನಿಲ್ಲಿಸುವುದು, ಇವೆಲ್ಲ ಕರಡಿಗೆ ಕಾಲಾವಕಾಶ ಗಳಿಸಿಕೊಡುತ್ತವೆ, ಆದ್ದರಿಂದ ಬೇಕೇ ಬೇಕು. ಅದಕ್ಕಿಂತ ಮಿಗಿಲಾಗಿ, ಪರಿಸರ ವ್ಯವಸ್ಥೆಯನ್ನು ರಕ್ಷಿಸುತ್ತೇವೆ ಎಂದು ಒಪ್ಪಂದದ ಎರಡನೆಯ ವಿಧಿಯಲ್ಲಿ ಕೊಟ್ಟ ಮಾತಿಗೆ ಅವು ಅಂಕಿಯ ರೂಪ ಕೊಡಬೇಕು. ಇಷ್ಟು ವರ್ಷದೊಳಗೆ ಇಷ್ಟು ಹೊರಸೂಸುವಿಕೆ ಇಳಿಸುತ್ತೇವೆ ಎಂದು ಹಿಮಕರಡಿ ಯೋಜನೆಯಲ್ಲೇ ಬರೆದು, ಅದನ್ನು ಬೇಟೆಯ ಕೋಟಾದಷ್ಟೇ ಕಟ್ಟುನಿಟ್ಟಾಗಿ ಎಣಿಸಬೇಕು. ಅಮೆರಿಕ, ರಷ್ಯಾ, ಕೆನಡಾ, ನಾರ್ವೆ ನಾಲ್ಕೂ ದೊಡ್ಡ ತೈಲ ಮತ್ತು ಅನಿಲ ಉತ್ಪಾದಕ ದೇಶಗಳಾದ್ದರಿಂದ ಇದು ಅವುಗಳಿಗೆ ಕಹಿ. ಆದರೆ 2021ರಲ್ಲಿ ಸುಮಾರು 56,000 ಜನರಷ್ಟೇ ಇರುವ ಗ್ರೀನ್‌ಲ್ಯಾಂಡ್ ತನ್ನ ಕಡಲಿನಲ್ಲಿ ಹೊಸ ತೈಲ ಶೋಧಕ್ಕೆ ಪರವಾನಗಿ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಐವರಲ್ಲಿ ಅತ್ಯಂತ ಚಿಕ್ಕವರು ಮಾಡಿದ್ದನ್ನು ಉಳಿದ ನಾಲ್ವರು ಮಾಡಲಾರರು ಎಂದರೆ ಅದು ನಂಬುವ ಮಾತಲ್ಲ.